ಸಮಾಜ ಕಾರ್ಯ ಓದುವ ಮಕ್ಕಳು ಮತ್ತು ನ್ಯಾಯದ ಮಾತು

(ಬಂಗಾರಪೇಟೆಯಲ್ಲಿ ಸೇರಿದ್ದ ಮಹಿಳಾ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಆಂಡರ್ಸನ್‌ಪೇಟೆ ಕಡೆಯಿಂದ ಬೆಳಗಿನ ರೈಲು ಹಿಡಿದು ಬಂದವರಿಗೆ, ಕಾಮಸಮುದ್ರ, ಬೂದಿಕೋಟೆ ಕಡೆಯಿಂದ ಬಸ್ಸಿಗೆ ಕಾದು ಕಾದು ಬಂದವರಿಗೆ, ಎಲ್ಲರಿಗೂ ನಮ್ಮ ವಂದನೆಗಳು.

ಕಳೆದ ಸಭೆಯಲ್ಲಿ ಇಬ್ಬರು ಎರಡು ಪ್ರಶ್ನೆ ಕೇಳಿದ್ದರು. ಒಬ್ಬರು ಕೇಳಿದ್ದು: "ಸಿಸ್ಟರ್, ವರ್ಷಾ ವರ್ಷಾ ಕಾಲೇಜಿನ ಮಕ್ಕಳು ನೋಟ್ ಪುಸ್ತಕ ಹಿಡ್ಕೊಂಡು ಬರ್ತಾರೆ. ಮನೇಲಿ ಎಷ್ಟು ಜನ, ಸಾಲ ಎಷ್ಟು, ಗಂಡ ಕುಡೀತಾನಾ ಅಂತ ಕೇಳಿ ಬರ್ಕೊಂಡು ಹೋಗ್ತಾರೆ. ಆಮೇಲೆ ಅದು ಏನಾಗುತ್ತೆ?" ಇನ್ನೊಬ್ಬರ ಮಗಳು ಡಿಗ್ರಿ ಮುಗಿಸಿದ್ದಾಳೆ, ಎಂ.ಎಸ್.ಡಬ್ಲ್ಯೂ. ಸೇರಬೇಕು ಅಂತ ಹಟ ಮಾಡುತ್ತಿದ್ದಾಳೆ. ಆ ತಾಯಿ ಕೇಳಿದ್ದು: "ಅಲ್ಲಿ ನಮ್ಮಂಥವರ ಬಗ್ಗೇನೇ ಪಾಠ ಮಾಡ್ತಾರಂತಲ್ಲ, ನಮ್ಮ ಹುಡುಗಿ ಅಲ್ಲಿ ತಲೆ ಎತ್ತಿ ಕೂರೋಕೆ ಆಗುತ್ತಾ?" ಆವತ್ತು ಸಮಯ ಇರಲಿಲ್ಲ. ಎರಡಕ್ಕೂ ಇವತ್ತು ಉತ್ತರ ಹೇಳುತ್ತೇವೆ. ಎರಡೂ ಒಂದಕ್ಕೊಂದು ಸೇರಿದ ಪ್ರಶ್ನೆಗಳೇ.

ಸಮಾಜ ಕಾರ್ಯ ಎನ್ನುವುದು ನಮ್ಮ ದೇಶದಲ್ಲಿ ಕಾಲೇಜಿನ ಓದಾಗಿ ಬಂದದ್ದು 1936ರಲ್ಲಿ, ಮುಂಬಯಿಯಲ್ಲಿ ಟಾಟಾದವರು ತೆರೆದ ಶಾಲೆಯಿಂದ. ನಮ್ಮ ರಾಜ್ಯದಲ್ಲಿ 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯ ಶುರುವಾಯಿತು. ಈಗ ಬಹಳ ಊರುಗಳಲ್ಲಿ ಇದೆ. ಡಿಗ್ರಿ ಆದ ಮೇಲೆ ಎರಡು ವರ್ಷ. ವಾರದಲ್ಲಿ ಕೆಲವು ದಿನ ಕ್ಲಾಸು, ಕೆಲವು ದಿನ ಕ್ಷೇತ್ರ ಕಾರ್ಯ, ಅಂದರೆ ನಿಮ್ಮ ಬೀದಿಗೆ ಬರುವುದು. ಬಂದು ಹೋದ ಮೇಲೆ ವರದಿ ಬರೆಯಬೇಕು. ಆ ವರದಿಯನ್ನು ಮೇಷ್ಟ್ರು ಓದಿ, ಕೂರಿಸಿಕೊಂಡು ಚರ್ಚೆ ಮಾಡುತ್ತಾರೆ. ವರ್ಷಕ್ಕೊಮ್ಮೆ ಹಳ್ಳಿಯಲ್ಲಿ ಶಿಬಿರ ಇರುತ್ತದೆ. ಹಿಂದೆ ಈ ಓದಿನಲ್ಲಿ ಸೇವೆ, ಸಹಾಯ, ಸಲಹೆ ಎನ್ನುವ ಮಾತುಗಳೇ ಹೆಚ್ಚು. ಪುಸ್ತಕಗಳು ಅಮೆರಿಕಾ, ಇಂಗ್ಲೆಂಡಿನಿಂದ ಬಂದವು. 2014ರಲ್ಲಿ ಪ್ರಪಂಚದ ಸಮಾಜ ಕಾರ್ಯಕರ್ತರ ಸಂಘಟನೆಗಳು ಒಪ್ಪಿದ ವ್ಯಾಖ್ಯಾನದಲ್ಲಿ ಸಾಮಾಜಿಕ ನ್ಯಾಯ ಮತ್ತು ಮಾನವ ಹಕ್ಕು ಈ ಕೆಲಸದ ನಡು ಎಂದು ಬರೆದಿದ್ದಾರೆ. ನಮ್ಮ ಸಂವಿಧಾನದ ಪೀಠಿಕೆಯಲ್ಲಂತೂ ಸ್ವಾತಂತ್ರ್ಯ, ಸಮಾನತೆಗಿಂತ ಮೊದಲೇ ನ್ಯಾಯ ಎಂಬ ಮಾತು ಬಂದುಬಿಟ್ಟಿದೆ, 1950ರಿಂದಲೇ.

ಮಾತು ಬಂತು, ಸರಿ. ಕ್ಲಾಸಿನಲ್ಲಿ ಆ ಮಾತು ಆಡುವಾಗ ಏನಾಗುತ್ತದೆ? ಅದನ್ನೇ ಹೇಳಬೇಕು.

ನಾವು ಎಂ.ಎಸ್.ಡಬ್ಲ್ಯೂ. ಮೊದಲ ವರ್ಷದಲ್ಲಿದ್ದಾಗ, 2000ದ ಮಾರ್ಚ್ 11ರಂದು ಕಂಬಾಲಪಲ್ಲಿ ಘಟನೆ ನಡೆಯಿತು. ಚಿಂತಾಮಣಿ ತಾಲ್ಲೂಕು, ಆಗ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. ಏಳು ಜನ ದಲಿತರನ್ನು ಸುಟ್ಟು ಕೊಂದರು. ಆ ವಾರ ಕ್ಲಾಸಿನಲ್ಲಿ ಚರ್ಚೆಗೆ ಇಟ್ಟರು. ಒಬ್ಬರು ಬಡತನ ಕಾರಣ ಅಂದರು, ಒಬ್ಬರು ಅನಕ್ಷರತೆ ಅಂದರು, ಇನ್ನೊಬ್ಬರು ಹಳೇ ದ್ವೇಷ ಅಂದರು. ಜಾತಿ ಎನ್ನುವ ಮಾತು ಬರುವುದಕ್ಕೇ ಅರ್ಧ ಗಂಟೆ ಹಿಡಿಯಿತು. ನಮ್ಮ ಜೊತೆ ಕೆ.ಜಿ.ಎಫ್.ನಿಂದ ಬರುತ್ತಿದ್ದ ಒಬ್ಬ ಹುಡುಗ ಇದ್ದರು. ಅವರ ತಂದೆ ಗಣಿಯಲ್ಲಿ ಕೆಳಗೆ ಇಳಿದು ಕೆಲಸ ಮಾಡುವವರು. ಮಾತು ಜಾತಿಗೆ ಬಂದ ಕೂಡಲೇ ಕ್ಲಾಸು ಪೂರ್ತಿ ತಿರುಗಿ ಅವರ ಮುಖ ನೋಡಿತು. "ನೀವು ನಿಮ್ಮ ಅನುಭವ ಹೇಳಿ" ಅಂದರು. ಅವರು ತಲೆ ತಗ್ಗಿಸಿ, "ಏನೂ ಇಲ್ಲ ಸರ್" ಅಂದರು. ಆಮೇಲೆ ಕ್ಯಾಂಟೀನಿನಲ್ಲಿ ನಮ್ಮ ಹತ್ತಿರ ಅಂದದ್ದು: "ಅವರು ಓದಿ ತಿಳ್ಕೋಬೇಕಾದ್ದನ್ನ ನಾನು ಅತ್ತು ತೋರಿಸ್ಬೇಕಾ ಸಿಸ್ಟರ್?"

ಇಪ್ಪತ್ತೈದು ವರ್ಷದಿಂದ ಈ ಮಕ್ಕಳ ಕ್ಷೇತ್ರ ಕಾರ್ಯ ನೋಡಿಕೊಳ್ಳುತ್ತಿದ್ದೇವೆ. ಆ ಮಾತನ್ನು ಬೇರೆ ಬೇರೆ ಬಾಯಲ್ಲಿ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. (ಕಂಬಾಲಪಲ್ಲಿಯ ಆರೋಪಿಗಳೆಲ್ಲ 2006ರಲ್ಲಿ ಕೋಲಾರದ ನ್ಯಾಯಾಲಯದಲ್ಲಿ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಇದನ್ನು ಕೇಳಿದ ಮಕ್ಕಳು ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳುತ್ತಾರೆ: ಹಾಗಾದರೆ ಸುಟ್ಟವರು ಯಾರು?)

ಆ ಹುಡುಗನ ಓದು ಮುಗಿಯುವ ವರ್ಷವೇ, 2001ರ ಫೆಬ್ರವರಿ 28ರಂದು, ಚಿನ್ನದ ಗಣಿ ಮುಚ್ಚಿತು. ಸಾವಿರಾರು ಮನೆಗಳ ಕಥೆ ನಿಮಗೆ ನಾವು ಹೇಳಬೇಕಾಗಿಲ್ಲ. ಬೆಳಗ್ಗೆ ಕತ್ತಲಲ್ಲಿ ಎದ್ದು ರೈಲಿಗೆ ಓಡಿ, ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಹಿಂತಿರುಗುವ ಬದುಕು ಆವತ್ತಿಂದ ಇನ್ನೂ ನಡೆದಿದೆ. ಕ್ಲಾಸಿನಲ್ಲಿ ಇದಕ್ಕೆ ಕೈಗಾರಿಕಾ ಸಂಬಂಧ ಎಂದು ಹೆಸರು.

ಈಗಿನ ಮಕ್ಕಳು ಹೇಳುವುದನ್ನು ಕೇಳಿ. ಮೊದಲನೆಯದು ಭಾಷೆ. ಕೆ.ಜಿ.ಎಫ್.ನ ಒಂದು ಹುಡುಗಿ ಮನೆಯಲ್ಲಿ ತಮಿಳು ಆಡುತ್ತಾಳೆ, ಬಂಗಾರಪೇಟೆ ಸಂತೆಯಲ್ಲಿ ತೆಲುಗು, ಪರೀಕ್ಷೆಯಲ್ಲಿ ಕನ್ನಡ. ಕ್ಲಾಸಿನ ಚರ್ಚೆ ಮಾತ್ರ ಇಂಗ್ಲಿಷಿನಲ್ಲಿ. ಶೋಷಣೆಗೆ ಇಂಗ್ಲಿಷಿನಲ್ಲಿ ಏನಂತಾರೆ ಎಂದು ಮನಸ್ಸಿನಲ್ಲಿ ಹುಡುಕುವಷ್ಟರಲ್ಲಿ, ಶೋಷಣೆಯನ್ನು ಕಣ್ಣಲ್ಲಿ ನೋಡಿರದ ಇಬ್ಬರು ಮಾತಾಡಿ ಮುಗಿಸಿ ಕೂತಿರುತ್ತಾರೆ. ಮೇಷ್ಟ್ರು ವರದಿಯಲ್ಲಿ "ಚರ್ಚೆಯಲ್ಲಿ ಭಾಗವಹಿಸುವುದಿಲ್ಲ" ಎಂದು ಬರೆಯುತ್ತಾರೆ. ಅದೇ ಹುಡುಗಿ ನಿಮ್ಮ ಸಂಘದ ಸಭೆಯಲ್ಲಿ ಎರಡು ಗಂಟೆ ಮಾತಾಡಿದ್ದನ್ನು ನೀವೇ ನೋಡಿದ್ದೀರಿ. ಈಚೆಗೆ ಕೆಲವು ಮೇಷ್ಟ್ರುಗಳು, ಯಾವ ಭಾಷೆಯಲ್ಲಾದರೂ ಮಾತಾಡಿ, ಗೊತ್ತಿರುವವರು ಉಳಿದವರಿಗೆ ಅರ್ಥ ಹೇಳಿ ಅನ್ನುತ್ತಿದ್ದಾರೆ. ಅಂಥ ಕ್ಲಾಸಿನಲ್ಲಿ ಯಾರು ಬುದ್ಧಿವಂತರು ಎಂಬ ಲೆಕ್ಕವೇ ಬದಲಾಗುತ್ತದಂತೆ.

ಎರಡನೆಯದು ಮೀಸಲಾತಿ. ಈ ಚರ್ಚೆ ಬಂದ ದಿನ ಸ್ನೇಹಿತರು ಬೇರೆ ಬೇರೆ ಬೆಂಚಿಗೆ ಹೋಗುತ್ತಾರೆ. "ನಿಮಗೇನು, ಸೀಟು ಸುಲಭ, ಸ್ಕಾಲರ್‌ಶಿಪ್ ಬೇರೆ" ಎನ್ನುವ ಮಾತು ಬಂದೇ ಬರುತ್ತದೆ. ಒಬ್ಬಳು ಹುಡುಗಿ ಆ ದಿನದಿಂದ ಸ್ಕಾಲರ್‌ಶಿಪ್ ಅರ್ಜಿಯನ್ನು ಎಲ್ಲರ ಮುಂದೆ ತುಂಬುವುದು ಬಿಟ್ಟಳು. ಕೊನೆಯ ದಿನ ಕಳೆದುಹೋಯಿತು. ಅವಳ ತಾಯಿ ಸಂಘದಿಂದ ಸಾಲ ತೆಗೆದು ಫೀಸು ಕಟ್ಟಿದರು. ಒಂದು ಚುಚ್ಚು ಮಾತಿನ ಬೆಲೆಯನ್ನು ಆ ತಾಯಿ ಒಂದು ವರ್ಷ ಕಂತಿನಲ್ಲಿ ತೀರಿಸಿದರು.

ಇನ್ನೊಂದು ಕಡೆಯನ್ನೂ ಹೇಳಬೇಕು, ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ. ಅನುಕೂಲಸ್ಥ ಮನೆಯಿಂದ, ಮೇಲು ಅಂತ ಕರೆಸಿಕೊಳ್ಳುವ ಜಾತಿಯಿಂದ ಬಂದ ಮಕ್ಕಳಿಗೂ ಈ ಚರ್ಚೆ ಸುಲಭವಲ್ಲ. ಕೆಲವರು ಸಿಟ್ಟಾಗುತ್ತಾರೆ, "ನಾವೇನು ಮಾಡಿದ್ದೀವಿ" ಅಂತ. ಕೆಲವರಿಗೆ ನಾಚಿಕೆ. ಕೆಲವರು ಅತ್ತುಬಿಡುತ್ತಾರೆ, ಆಗ ಎಲ್ಲರೂ ಅವರನ್ನು ಸಮಾಧಾನ ಮಾಡುವುದರಲ್ಲೇ ಪಾಠ ಮುಗಿಯುತ್ತದೆ! ಆದರೆ ಒಬ್ಬ ಹುಡುಗ ಶಿಬಿರ ಮುಗಿಸಿ ತನ್ನ ಊರಿಗೆ ಹೋದವನು, ಹೊಲದ ಕೆಲಸಕ್ಕೆ ಬರುವವರ ತಟ್ಟೆ ಯಾಕೆ ದನದ ಕೊಟ್ಟಿಗೆಯಲ್ಲಿ ಇದೆ ಎಂದು ತಂದೆಯನ್ನು ಕೇಳಿದ. ತಂದೆ, "ಓದೋಕೆ ಕಳಿಸಿದ್ದು ಇದಕ್ಕಾ" ಎಂದು ಬೈದು ಎರಡು ತಿಂಗಳು ದುಡ್ಡು ಕಳಿಸಲಿಲ್ಲ. ಇದು ಕಣ್ಣೀರಿಗಿಂತ ದೊಡ್ಡದು. ಆ ತಟ್ಟೆ ಈಗಲೂ ಕೊಟ್ಟಿಗೆಯಲ್ಲೇ ಇದೆ, ಅದನ್ನೂ ಅವನೇ ನಮಗೆ ಹೇಳಿದ.

ಕೆ.ಜಿ.ಎಫ್.ಗೆ ಬಂದ ಮಕ್ಕಳಿಗೆ ನಾವು ತಪ್ಪದೇ ಹೇಳುವ ವಿಷಯ ಒಂದಿದೆ. ಈ ಊರಿನ ಹೆಸರು ಚಿನ್ನಕ್ಕೆ ಮಾತ್ರ ಅಲ್ಲ. 1902ರಲ್ಲೇ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತು. ಇಷ್ಟು ಮುಂದುವರಿದ ಊರಿನಲ್ಲಿ ಸಾಲು ಮನೆಗಳ ಪಾಯಿಖಾನೆಯನ್ನು ಮಾತ್ರ ಮನುಷ್ಯರು ಕೈಯಿಂದ ಬಾಚಿ, ಬಕೆಟ್ಟಿನಲ್ಲಿ ಹೊತ್ತರು. ಅದೂ ಒಂದೇ ಜಾತಿಯವರು. ಅಂಥ ಮನೆಯಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಅವರ ತಂದೆ, ಅಣ್ಣ ಅದೇ ಕೆಲಸ ಮಾಡುತ್ತಿದ್ದರು. ಉದ್ಯೋಗ ವಿನಿಮಯ ಕೇಂದ್ರಕ್ಕೆ ಹೆಸರು ಬರೆಸಲು ಹೋದರೆ, ಓದಿದ ಹುಡುಗನಿಗೂ ಅಲ್ಲಿ ಬರೆದದ್ದು ಅದೇ ಕೆಲಸವನ್ನು. ಎಂಬತ್ತರ ದಶಕದಲ್ಲಿ ಅವರು ಕಂಪೆನಿಗೆ, ಸರ್ಕಾರಕ್ಕೆ ಪತ್ರ ಬರೆಯಲು ಶುರು ಮಾಡಿದರು. ತೊಂಬತ್ತರ ದಶಕದಲ್ಲಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದವರಲ್ಲಿ ಒಬ್ಬರಾದರು. 1993ರಲ್ಲಿ ಒಂದು ಕಾನೂನು ಬಂತು, ಸರಿಯಾಗಿ ಜಾರಿಯಾಗಲಿಲ್ಲ. 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು. 2014ರ ಮಾರ್ಚ್ 27ರ ತೀರ್ಪಿನಲ್ಲಿ, 1993ರಿಂದ ಈಚೆಗೆ ಒಳಚರಂಡಿ ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಕೋರ್ಟು ಹೇಳಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ನಿಮ್ಮ ಬೀದಿಯಲ್ಲಿ ಅಂಥ ಸಾವು ಕಂಡ ಮನೆ ಇದ್ದರೆ ಈ ಲೆಕ್ಕ ನೆನಪಿಡಿ. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಇದನ್ನೆಲ್ಲ ಕೇಳಿದ ಮಕ್ಕಳು, ಅದೆಲ್ಲ ಹಳೇ ಕಾಲ ಎಂದು ಬರೆದುಕೊಳ್ಳುತ್ತಾರೆ. ಆದರೆ 2023ರ ಡಿಸೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಪತ್ರಿಕೆಯಲ್ಲಿ ಬಂತು, ಬಂಧನಗಳೂ ಆದವು. ಅದೇ ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರಲ್ಲಿ ದೇವರ ಕೋಲು ಮುಟ್ಟಿದ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ್ದರು.

ಒಂದು ವರ್ಷ ಈ ಪಾಠ ಕೇಳುತ್ತಿದ್ದ ತಂಡದಲ್ಲಿ ಪಾಯಿಖಾನೆ ಕೆಲಸ ಮಾಡಿದವರ ಮೊಮ್ಮಗಳು ಒಬ್ಬಳು ಇದ್ದಳು. ಜೊತೆಯವರಿಗೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿ, "ತಾತ ಗಣಿಯಲ್ಲಿ ಇದ್ದರು" ಎಂದು ಹೇಳಿಕೊಂಡಿದ್ದಳು. ಸುಳ್ಳಲ್ಲ, ಗಣಿ ಕಂಪೆನಿಯಲ್ಲೇ ಇದ್ದರು. ಅವಳು ಎರಡು ವರ್ಷ ಆ ವಿಷಯ ಬಾಯಿ ಬಿಡಲಿಲ್ಲ. ನಾವೂ ಕೇಳಲಿಲ್ಲ, ಮೇಷ್ಟ್ರಿಗೂ ಹೇಳಲಿಲ್ಲ. ಕೊನೆಯ ಸೆಮಿಸ್ಟರಿನಲ್ಲಿ ಪ್ರಬಂಧಕ್ಕೆ ವಿಷಯ ಆರಿಸುವಾಗ ತಾನಾಗಿಯೇ ಅದನ್ನೇ ಆರಿಸಿಕೊಂಡಳು. ಅಜ್ಜಿಯ ಹತ್ತಿರ ಕೂತು, ಬಕೆಟ್ಟಿಗೆ ಎಷ್ಟು ತೂಕ ಇತ್ತು, ಮಳೆಗಾಲದಲ್ಲಿ ಹೇಗೆ ಹೊರುತ್ತಿದ್ದರು, ಕೆಲಸ ಮುಗಿಸಿ ಬಂದು ಊಟ ಹೇಗೆ ಮಾಡುತ್ತಿದ್ದರು ಎಂದು ಒಂದೊಂದೇ ಕೇಳಿ ಬರೆದಳು. ಅಜ್ಜಿ, "ಇದನ್ನೆಲ್ಲ ಯಾರಮ್ಮಾ ಓದ್ತಾರೆ" ಅಂದರಂತೆ. ಕ್ಲಾಸಿನಲ್ಲಿ ಅದನ್ನು ಮಂಡಿಸುವಾಗ ಅವಳು ಅಳಲಿಲ್ಲ. ಪ್ರಶ್ನೆ ಕೇಳಿದವರಿಗೆಲ್ಲ ಉತ್ತರ ಕೊಟ್ಟಳು. ಮಾತಾಡುವ ಹೊತ್ತನ್ನು ಅವಳೇ ಆರಿಸಿದ್ದಳು, ಅದೇ ವ್ಯತ್ಯಾಸ.

ಹಾಗಾಗಿ ಮಗಳನ್ನು ಓದಿಸುವ ತಾಯಿಗೆ ನಮ್ಮ ಉತ್ತರ: ಸೇರಿಸಿ. ಅವಳಿಗೆ ಹೇಳಿ ಕಳಿಸಿ, ನಿನ್ನ ಮನೆಯ ಕಥೆ ನಿನ್ನ ಆಸ್ತಿ, ಯಾರು ಕೇಳಿದರೂ ಕೊಡಬೇಕಾಗಿಲ್ಲ, ಕೊಡಬೇಕು ಅನ್ನಿಸಿದಾಗ ಅಂಜಬೇಕಾಗಿಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಅರ್ಜಿಯನ್ನು ಕಾಲೇಜು ಸೇರಿದ ವಾರವೇ ಹಾಕಿಸಿ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಜಾತಿ ಹೆಸರಲ್ಲಿ ಕಿರುಕುಳ ಕೊಟ್ಟರೆ ದೂರು ಕೇಳಲು ಕಾಲೇಜಿನಲ್ಲಿ ವ್ಯವಸ್ಥೆ ಇರಬೇಕು ಎಂದು ಯು.ಜಿ.ಸಿ. 2012ರಲ್ಲೇ ನಿಯಮ ಮಾಡಿತು. ಆ ಅಧಿಕಾರಿ ಯಾರು ಎಂದು ಸೇರುವ ದಿನವೇ ಆಫೀಸಿನಲ್ಲಿ ಕೇಳಿ. ಕೇಳಿದರೆ ಅವರಿಗೂ ನೆನಪಾಗುತ್ತದೆ.

ಇನ್ನು ಮೊದಲನೇ ಪ್ರಶ್ನೆ, ಬರೆದುಕೊಂಡು ಹೋದದ್ದು ಏನಾಗುತ್ತದೆ ಎಂದು. ಬಹಳಷ್ಟು ಸಲ ಮಾರ್ಕ್ಸ್ ಆಗುತ್ತದೆ. ಅದರಲ್ಲಿ ಮುಚ್ಚುಮರೆ ಬೇಡ. ಆದರೆ ಅದನ್ನು ಬದಲಾಯಿಸುವ ಶಕ್ತಿ ನಿಮ್ಮ ಕೈಯಲ್ಲಿ ಸ್ವಲ್ಪ ಇದೆ.

ಒಂದು ಸಲ ಒಬ್ಬ ವಿದ್ಯಾರ್ಥಿನಿ ಸಾಲು ಮನೆಗಳ ಬಗ್ಗೆ ವರದಿಯಲ್ಲಿ, "ಇಲ್ಲಿನ ಜನರಲ್ಲಿ ಸ್ವಚ್ಛತೆಯ ಅರಿವಿನ ಕೊರತೆ ಇದೆ" ಎಂದು ಬರೆದಿದ್ದಳು. ಬರೆದದ್ದನ್ನು ಸಂಘದಲ್ಲಿ ಓದಿ ಹೇಳಬೇಕು ಎನ್ನುವುದು ನಮ್ಮಲ್ಲಿ ನಿಯಮ. ಓದಿದಳು. ಸಂಘದ ಲೆಕ್ಕ ಬರೆಯುವ ಅಕ್ಕ ಕೇಳಿದರು: "ಅರಿವು ಇಲ್ಲ ಅಂತ ಬರ್ದಿದ್ದೀಯಲ್ಲಮ್ಮಾ, ನೀರು ಇಲ್ಲ ಅಂತ ಯಾಕೆ ಬರೀಲಿಲ್ಲ? ಶುಕ್ರವಾರ ಟ್ಯಾಂಕರ್ ಬರುತ್ತೆ, ಬಾ." ಹುಡುಗಿ ಬಂದಳು. ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತಳು. ಎಷ್ಟು ಮನೆಗೆ ಎಷ್ಟು ಬಿಂದಿಗೆ ಎಂದು ಎಣಿಸಿದಳು. ಮೇಷ್ಟ್ರಿಗೆ ಎರಡನೇ ವರದಿ ಕೊಟ್ಟಾಗ ಅದರಲ್ಲಿ ಅರಿವು ಎನ್ನುವ ಪದವೇ ಇರಲಿಲ್ಲ, ಬರೀ ಲೆಕ್ಕ ಇತ್ತು. ಆ ಲೆಕ್ಕದ ಒಂದು ಪ್ರತಿಯನ್ನು ಸಂಘದವರು ಇಟ್ಟುಕೊಂಡು ನಗರಸಭೆಗೆ ಕೊಟ್ಟ ಅರ್ಜಿಗೆ ಸೇರಿಸಿದರು. ವಿದ್ಯಾರ್ಥಿಯ ವರದಿ ನಿಮಗೆ ಉಪಯೋಗಕ್ಕೆ ಬರುವುದು ಹೀಗೆ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇವೆ. ಇದು ಸ್ವಲ್ಪ ಕಹಿ. ನಮ್ಮ ಸುತ್ತಮುತ್ತ ಮಹಿಳಾ ಸಂಘಗಳು ಹೊಸದಲ್ಲ. ಕಾಮಸಮುದ್ರದ ಕಡೆ ಮೈರಾಡ ಸಂಸ್ಥೆಯವರು ಎಂಬತ್ತರ ದಶಕದಲ್ಲೇ ಸಂಘ ಕಟ್ಟಿಸಿದರು. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು, 2000ದಿಂದ ಸ್ತ್ರೀ ಶಕ್ತಿ ಬಂತು. ಒಟ್ಟಿಗೆ ಕೂರುವ ಅಭ್ಯಾಸ ನಮಗೆ ಇದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಬಂಗಾರಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಸಂಘಕ್ಕೆ (ಹೆಸರು ಬೇಡ) ಬಂದ ಒಬ್ಬ ಹುಡುಗಿ, ನಡಾವಳಿ ಪುಸ್ತಕವನ್ನು ಹಿಂದಿನ ಪುಟದಿಂದ ಓದುತ್ತಾ ಹೋದಳು. ಆಮೇಲೆ ಸಭೆಯಲ್ಲಿ ಮೆತ್ತಗೆ ಕೇಳಿದಳು: "ಅಕ್ಕಾ, ಸಭೆ ಎಲ್ಲರ ಮನೆಯಲ್ಲೂ ಸರದಿ ಪ್ರಕಾರ ಅಂತ ನಿಯಮ ಇದೆ. ಮೂರು ವರ್ಷದಲ್ಲಿ ಕಾಲೋನಿಯ ಸದಸ್ಯರ ಮನೆಯಲ್ಲಿ ಒಂದು ಸಲವೂ ಯಾಕೆ ನಡೆದಿಲ್ಲ?"

ಯಾರೂ ಮಾತಾಡಲಿಲ್ಲ. ಒಬ್ಬರು, "ಅಲ್ಲಿ ಜಾಗ ಚಿಕ್ಕದು" ಅಂದರು. ಕಾಲೋನಿಯ ಒಬ್ಬ ಸದಸ್ಯೆ, "ನಮ್ಮ ಮನೇಲಿ ಮದುವೆ ಮಾಡಿದೀವಿ, ಹದಿನಾರು ಜನ ಕೂರೋಕೆ ಜಾಗ ಇಲ್ವಾ?" ಅಂದರು. ಅಷ್ಟಕ್ಕೆ ಸಭೆ ಮುಗಿಯಿತು. ಆ ವಾರ ನಮಗೆ ಎರಡು ಫೋನು ಬಂದವು, "ಆ ಹುಡುಗಿಯನ್ನ ಇನ್ನು ಕಳಿಸಬೇಡಿ ಸಿಸ್ಟರ್" ಅಂತ. ನಾವು ಕಳಿಸಿದೆವು. ಅವಳ ಕಾಲೇಜಿನಲ್ಲೂ ಇದರ ಚರ್ಚೆ ಆಯಿತಂತೆ, ವಿದ್ಯಾರ್ಥಿ ಹೀಗೆ ಕೇಳುವುದು ಸರಿಯೇ, ಸಂಘ ಒಡೆದರೆ ಹೊಣೆ ಯಾರು ಎಂದು. ಒಳ್ಳೆಯ ಪ್ರಶ್ನೆಯೇ. ಆದರೆ ಕೇಳದೆ ಇದ್ದಿದ್ದರೆ ಸಂಘ ಯಾರ ಬೆಲೆಯಲ್ಲಿ ಒಟ್ಟಾಗಿತ್ತು ಎಂಬುದೂ ಪ್ರಶ್ನೆಯೇ ಅಲ್ವಾ?

ಮುಂದಿನ ತಿಂಗಳ ಸಭೆ ಕಾಲೋನಿಯಲ್ಲಿ ನಡೆಯಿತು. ಹದಿನಾರರಲ್ಲಿ ಹದಿಮೂರು ಜನ ಬಂದರು. ಒಬ್ಬರು ಬಂದರು, ನೀರು ಮುಟ್ಟಲಿಲ್ಲ. ಇನ್ನೊಬ್ಬರು ಟೀ ಕುಡಿದು, "ಶುಂಠಿ ಹಾಕಿದ್ದೀಯಾ?" ಎಂದು ಕೇಳಿ ಇನ್ನರ್ಧ ಲೋಟ ಹಾಕಿಸಿಕೊಂಡರು. ಬಾರದ ಮೂವರಲ್ಲಿ ಇಬ್ಬರು ಆಮೇಲೆ ಬಂದರು, ಒಬ್ಬರು ಲೆಕ್ಕ ಚುಕ್ತಾ ಮಾಡಿ ಸಂಘ ಬಿಟ್ಟರು.

ಈಗ ಕೆಲಸದ ಮಾತು. ಹೊಸ ತಂಡದ ಮಕ್ಕಳು ಬರುವ ಮುಂಚೆ ಪ್ರತಿ ಸಂಘವೂ ತಮ್ಮ ಸಭೆಯ ದಿನ, ಜಾಗ ಬರೆದುಕೊಡಬೇಕು. ಜಾಗದ ಸರದಿಯನ್ನೂ ಬರೆಯಿರಿ. ಅವರು ಕೇಳುವ ಪ್ರಶ್ನೆಗಳಲ್ಲಿ ಇಷ್ಟವಿಲ್ಲದ್ದಕ್ಕೆ ಉತ್ತರ ಕೊಡಬೇಡಿ. ಬರೆದದ್ದನ್ನು ಓದಿಸಿ ಕೇಳಿ, ತಪ್ಪಿದ್ದರೆ ತಿದ್ದಿಸಿ, ಒಂದು ಪ್ರತಿ ಸಂಘದ ಕಡತಕ್ಕೆ ಇಟ್ಟುಕೊಳ್ಳಿ. ನೀವೂ ಅವರನ್ನು ಕೇಳಬಹುದು, ನಿಮ್ಮ ಮನೆಯಲ್ಲಿ ಇದು ಹೇಗೆ ಎಂದು. ಆಂಡರ್ಸನ್‌ಪೇಟೆಯವರದ್ದೂ ಬೂದಿಕೋಟೆಯವರದ್ದೂ ಪಟ್ಟಿ ಇನ್ನೂ ಬಂದಿಲ್ಲ, ಊಟಕ್ಕೆ ಏಳುವ ಮುಂಚೆ ಕೊಟ್ಟುಬಿಡಿ.